ಕಾಫಿ ಕೊಟ್ಟ ಮಹಾತಾಯಿ

ಪಟ್ಟಂದೂರು ಅಗ್ರಹಾರದ ದೇವಕ್ಕ ಪಕ್ಕದ ಐಟಿ ಪಾರ್ಕಿನ ನಾಲ್ಕನೇ ಮಹಡಿಯ ಕಂಪನಿಯೊಂದರಲ್ಲಿ ಒಂಬತ್ತು ವರ್ಷದಿಂದ ಕಾಫಿ-ಟೀ ಕೊಡುವ ಪ್ಯಾಂಟ್ರಿ ನೋಡಿಕೊಳ್ಳುತ್ತಿದ್ದಳು. ಅಲ್ಲಿ ಕೆಲಸ ಬಿಡುವವರದೊಂದು ಶಾಸ್ತ್ರವಿದೆ. ಐಡಿ ಕಾರ್ಡನ್ನು ಲ್ಯಾಪ್‌ಟಾಪಿನ ಮೇಲೆ ಮಲಗಿಸಿ ಫೋಟೊ ತೆಗೆದು, ಲಿಂಕ್ಡ್‌ಇನ್‌ನಲ್ಲಿ ಮಾರುದ್ದ ಬರೆದು ಕಣ್ಣೀರು ಹಾಕಬೇಕು. ವರ್ಷವಿಡೀ ಮ್ಯಾನೇಜರನಿಗೆ ಹಿಡಿಶಾಪ ಹಾಕಿದವರು ಅಂದು ಅವನನ್ನು ಗುರುವೆನ್ನುತ್ತಾರೆ. ಹೋಗುವುದು ರಸ್ತೆಯಾಚೆಯ ಕಟ್ಟಡಕ್ಕೆ. ಅದನ್ನು ಓದಿದವರಿಗೆ ಮಾತ್ರ ಗಡಿ ಕಾಯಲು ಹೊರಟ ಹಾಗೆ ಕಾಣಬೇಕು.

ಕೆಲಸ ಬಿಟ್ಟು ಹೊರಟಿದ್ದ ಟೀಮ್ ಲೀಡರ್ ಭಾನುಪ್ರಕಾಶ್ ಇದರಲ್ಲಿ ಎಲ್ಲರಿಗಿಂತ ಮುಂದು. ಮಷಿನ್ ಕಾಫಿ ಕುಡಿದರೆ ಅವನಿಗೆ ಎದೆಯುರಿ. ಪಾಪ ಎಂದು ದೇವಕ್ಕ ಮನೆಯಿಂದ ಫ್ಲಾಸ್ಕಿನಲ್ಲಿ ಕಾಫಿ ತಂದು, ಸಿಂಕಿನ ಕೆಳಗೆ ಬಚ್ಚಿಟ್ಟು ಕೊಡುತ್ತಿದ್ದಳು. ಹೊರಗಿನದನ್ನು ತಂದು ಕೊಡಬಾರದೆಂಬ ನಿಯಮ ಇಬ್ಬರಿಗೂ ಗೊತ್ತಿತ್ತು.

ಈ ನಡುವೆ ಕೆಲಸದವರನ್ನು ಒದಗಿಸುವ ಏಜೆನ್ಸಿ ಬದಲಾಯಿತು. ಯಾರಾದರೂ ಟೀಮ್ ಲೀಡರ್ ಒಂದು ಸಾಲಿನ ಶಿಫಾರಸಿನ ಮೇಲ್ ಕಳಿಸಿದರೆ ಮಾತ್ರ ಹಳಬರಿಗೆ ಕೆಲಸ ಎಂದ ಹೊಸ ಸೂಪರ್‌ವೈಸರ್ ಭರಮಪ್ಪ. ದೇವಕ್ಕ ಭಾನುಪ್ರಕಾಶನನ್ನು ಮೂರು ಸಲ ಕೇಳಿದಳು. ಮೂರು ಸಲವೂ ಖಂಡಿತ ಅಂದ. ತನ್ನ ಕೊನೆಯ ದಿನ ಅವಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಏಳು ಫೋಟೊ ತೆಗೆಸಿದ, ಸ್ವಲ್ಪ ಬೇಜಾರಾದ ಹಾಗೆ ನಿಲ್ಲಿ ಎಂದು ಹೇಳಿಯೂ ಕೊಟ್ಟ. ಮೇಲ್ ಕಳಿಸಲು ಮಾತ್ರ ಪುಣ್ಯಾತ್ಮನಿಗೆ ಪುರುಸೊತ್ತಾಗಲಿಲ್ಲ.

ಪೋಸ್ಟ್ ಬರೆಯಲು ಆಯಿತು. ನಾಯಕತ್ವವೆಂದರೇನೆಂದು ತನಗೆ ಕಲಿಸಿದ್ದು ದೇವಕ್ಕ, ಕಂಪನಿಯ ನಿಯಮ ಮುರಿದು ಮೂರು ವರ್ಷ ಗುಟ್ಟಾಗಿ ಮನೆಯ ಕಾಫಿ ಕೊಟ್ಟ ಮಹಾತಾಯಿ ಎಂದು ಸಿಂಕಿನ ಸಮೇತ ವರ್ಣಿಸಿದ್ದ. ನಾಲ್ಕು ಸಾವಿರ ಲೈಕು ಬಿದ್ದವು. ಓದಿದವರಲ್ಲಿ ಕಂಪನಿಯ ಅಡ್ಮಿನ್ ಮ್ಯಾನೇಜರ್ ಕೂಡ ಇದ್ದರು.

ಮರುದಿನ ಭರಮಪ್ಪ ಅವಳನ್ನು ಕರೆದು, ಫೋನಿನಲ್ಲಿ ಅದನ್ನು ತೋರಿಸಿ, ಬರೆದದ್ದು ನಿಜವೇ ಎಂದು ಕೇಳಿದ.

"ದಿಟ ಸಾರ್. ಎದೆ ಉರಿ ಅಂತಿದ್ರು, ಕೊಟ್ಟೆ" ಎಂದಳು.

ನಾಳೆಯಿಂದ ಬರಬೇಡ ಎಂದ.

ಈ ಕತೆ ಬರೆಯುತ್ತಿರುವ ನನಗೇ ಮೈಯೆಲ್ಲ ಉರಿಯುತ್ತಿದೆ. ದೇವಕ್ಕ ಮನೆಗೆ ಬಂದು ಮಗಳು ಪ್ರಿಯಾಂಕಾಳ ಎದುರು ಕೂತು ಮನಸಾರೆ ಅತ್ತಳು. ಆಮೇಲೆ ಮೂಗೊರೆಸಿಕೊಂಡು ಆ ಪೋಸ್ಟಿನ ಕೆಳಗೆ ಬರೆಯಲು ಹೇಳಿದಳು.

"ನಿಮ್ಗೆ ಕಾಫಿ ಕೊಟ್ಟಿದ್ಕೆ ನನ್ ಕೆಲ್ಸ ಓಯ್ತು ಸಾರ್. ಇವತ್ತೇ ನಂದೂ ಲಾಸ್ಟ್ ಡೇ, ಅಂತ ಬರಿ ಮಗಾ."

ಪ್ರಿಯಾಂಕಾ ಹೇಳಿದ ಹಾಗೇ ಬರೆದಳು. ಐದೇ ನಿಮಿಷದಲ್ಲಿ ಭಾನುಪ್ರಕಾಶ್ ಅದಕ್ಕೊಂದು ಕೆಂಪು ಹೃದಯ ಒತ್ತಿ, ಕೆಳಗೆ ಬರೆದ: "ಅಭಿನಂದನೆಗಳು ದೇವಕ್ಕ, ನಿಮ್ಮ ಹೊಸ ಪಯಣಕ್ಕೆ ಶುಭವಾಗಲಿ."