ಪುಟ್ಟಿಯಡಿಯ ವಾಕ್ಯ

ದಾನಿಯೇಲ ಕಾಕಾ ಮೊದಲು ಬರೆಯುತ್ತಿದ್ದರು, ಆಮೇಲೆ ಹೂಳುತ್ತಿದ್ದರು. ಬಡಗಿಯ ದಪ್ಪ ಪೆನ್ಸಿಲ್ಲಿನಿಂದ ಪ್ಲೈವುಡ್ ಹಲಗೆಯ ಮೇಲೆ ಬೈಬಲ್ಲಿನ ಒಂದು ವಾಕ್ಯವನ್ನು ಗುಂಡು ಗುಂಡಾದ ಕನ್ನಡದಲ್ಲಿ ಬರೆದು, ಅದರ ಮೇಲೆ ಗೋಡೆಗೆ ಬಳಿಯುವ ಪುಟ್ಟಿಯನ್ನು ತಗಡಿನ ಪಟ್ಟಿಯಿಂದ ಎಳೆಯುತ್ತಿದ್ದರು. ಮೇಲೆ ಬಣ್ಣ, ಮತ್ತೆ ಪುಟ್ಟಿ, ಮತ್ತೆ ಬಣ್ಣ. ಕೊನೆಗೆ ಉಳಿಯುವುದು ಕಂದು, ಬೂದು, ಎಲ್ಲೋ ಒಂದು ಕಡೆ ಸೀಳಿದಂತೆ ಹಳದಿ. ಒಂದಕ್ಷರವೂ ಕಾಣುತ್ತಿರಲಿಲ್ಲ.

"ಮುಚ್ಚಲಕ್ಕ ಯಾಕ ಬರೀತೀರಿ ಕಾಕಾ?" ಎಂದು ಕೇಳಿದ್ದೆ.

"ಪಾಯಾ ಯಾರಿಗರ ಕಾಣ್ತದೇನ್ ಯವ್ವಾ? ಮನೀ ನಿಂತದಲ್ಲ, ಸಾಕು."

ಕಾಕಾ ಹುಮನಾಬಾದ್ ಕಡೆಯವರು. ನಾಸಿಕದಲ್ಲಿ ಮನೆಗಳಿಗೆ ಬಣ್ಣ ಹೊಡೆಯುವುದು ಅವರ ಕಸುಬು. ನಮ್ಮ ಫ್ಲ್ಯಾಟಿಗೆ ಬಂದಾಗ, ಭಾಲ್ಕಿಯವರಾದ ನನ್ನ ಅಪ್ಪ ಕನ್ನಡ ಕೇಳಿದ ಖುಷಿಗೆ ನಾಲ್ಕು ದಿನದ ಕೆಲಸವನ್ನು ಹತ್ತು ದಿನ ಎಳೆಸಿದರು.

ಒಮ್ಮೆ ಅವರ ಚರ್ಚಿನ ಪಾಸ್ಟರು ಈಸ್ಟರ್ ಹಬ್ಬಕ್ಕೆ ಯೇಸುವಿನ ಚಿತ್ರ ಬೇಕೆಂದರು. ಕಾಕಾ ಒಯ್ದುಕೊಟ್ಟದ್ದು ಕಪ್ಪು ಹಲಗೆ, ಅಂಚಿನಲ್ಲಿ ಬೆರಳಗಲ ಬೆಳಕು.

"ಯೇಸು ಎಲ್ಲಿದ್ದಾನ್ರೀ ಇದ್ರಾಗ?"

"ಎದ್ದು ಹೊರಗ ಹೋಗ್ಯಾನ್ರಿ. ಖಾಲಿ ಗವಿ ಅಷ್ಟ ಉಳದದ."

ಪಾಸ್ಟರು ನಕ್ಕು, ಇದರಲ್ಲಿ ಏನೂ ಇಲ್ಲವೆಂದು ಅದನ್ನು ಕುರ್ಚಿಗಳ ಹಿಂದೆ ಇಡಿಸಿದರು. ಆ ದಿನ ಕಾಕಾ ನನಗೆ ಹೇಳಿದ್ದರು: "ಬೈದ್ರ ತಡಕೋತೀನಿ. 'ಏನೂ ಇಲ್ಲ' ಅಂದ್ರ ಮಾತ್ರ ಒಳಗ ಚುಚ್ತದ ಯವ್ವಾ."

ಸಂಭಾಜಿನಗರದಲ್ಲಿ ಈ ಹಲಗೆಗಳ ಪ್ರದರ್ಶನ ಮಾಡಿಸಿದ್ದು ನಾನು. ಕಾಲೇಜಿನ ಗೆಳತಿಯೊಬ್ಬಳು ತನ್ನ ಖಾಲಿ ಮಳಿಗೆ ಕೊಟ್ಟಿದ್ದಳು. ಹನ್ನೆರಡು ಹಲಗೆಗಳನ್ನು ಟೆಂಪೊದಲ್ಲಿ ಒಯ್ದೆವು. ಪ್ರತಿಯೊಂದರ ಕೆಳಗೆ ಬೈಬಲ್ಲಿನ ಯಾವ ವಾಕ್ಯವೆಂದು ಮರಾಠಿಯಲ್ಲಿ ಚೀಟಿ ಅಂಟಿಸಿದವಳೂ ನಾನೇ. ಕಾಕಾ ಬೇಡವೆಂದಿದ್ದರು.

ಎರಡನೆಯ ದಿನ ಮಧ್ಯಾಹ್ನ ಏಳೆಂಟು ಜನ ಬಂದರು. ಚೀಟಿಗಳನ್ನು ಓದಿದರು. ಒಬ್ಬ ಹೋಗಿ ಶಟರನ್ನು ಅರ್ಧ ಎಳೆದ. ಆ ಸದ್ದು ಈಗಲೂ, ಯಾವ ಅಂಗಡಿ ಮುಚ್ಚಿದರೂ, ನನ್ನ ಬೆನ್ನಿನಲ್ಲಿ ಕೇಳುತ್ತದೆ.

"ಲೋಕಾಂಚಾ ಧರ್ಮ ಬದಲತೋಸ್ ಕಾ ರೇ ಮ್ಹಾತಾರ್‍ಯಾ?" ಜನರ ಧರ್ಮ ಬದಲಿಸುತ್ತೀಯೇನೋ ಮುದುಕ ಎಂದು ಎತ್ತರದವನೊಬ್ಬ ಕೇಳಿದ. ಕೇಳುತ್ತಲೇ ಬೈಕಿನ ಕೀಲಿಯಿಂದ ಹಲಗೆಯೊಂದನ್ನು ಗೀರಿದ. ಪುಟ್ಟಿ ಚಕ್ಕೆಯಾಗಿ ಬಿತ್ತು. ಅಡಿಯಲ್ಲಿ ಪೆನ್ಸಿಲ್ಲಿನ ಒಂದೇ ಪದ ಕಂಡಿತು: ಹೆದರೆನು.

ಏನು ಬರೆದಿದೆ ಎಂದ. ಅಲ್ಲಿ ಅದನ್ನು ಓದಬಲ್ಲವರು ನಾವಿಬ್ಬರೇ. ಕಾಕಾ ಬಾಯಿ ತೆರೆದರು. ಅವರಿಗಿಂತ ಮೊದಲು ನಾನು ಮರಾಠಿಯಲ್ಲಿ ಹೇಳಿದೆ: ಅದು ಪ್ಲೈವುಡ್ ಅಂಗಡಿಯ ಹೆಸರು, ದಾದಾ. ಇವು ಗೋಡೆ ಬಣ್ಣದ ನಮೂನೆ. ಚೀಟಿ ನನ್ನ ತಪ್ಪು. ಇದರಲ್ಲಿ ಏನೂ ಇಲ್ಲ. ಹೇಳುತ್ತ ಚೀಟಿಗಳನ್ನು ಕಿತ್ತೆ. ಎರಡು ಅರ್ಧಕ್ಕೇ ಹರಿದವು.

ಅವನು ನನ್ನ ಪಕ್ಕಕ್ಕೆ, ತೀರ ಪಕ್ಕಕ್ಕೆ ಬಂದು ನಿಂತು, ಕಾಕಾನನ್ನು ಕೇಳಿದ: "ಖರಂ ಕಾ? ಕಾಹೀಚ್ ನಾಹೀ?" ನಿಜವೇ? ಏನೂ ಇಲ್ಲವೇ?

ಕಾಕಾ ಹಲಗೆಯನ್ನು ನೋಡಿದರು. ನನ್ನನ್ನು ನೋಡಿದರು. ತಲೆಯಾಡಿಸಿದರು.

"ಕಾಹೀ ನಾಹೀ, ಸಾಹೇಬ್."

ಬಂದವರು ನಗುತ್ತ ಎರಡು ಹಲಗೆಗಳನ್ನು ಒದ್ದು ಹೋದರು. ನಮಗೆ ಒಂದು ಗೀರೂ ಆಗಲಿಲ್ಲ.

ವಾಪಸಾಗುವಾಗ ಟೆಂಪೊ ದಾರಿಯ ವೈಜಾಪುರವನ್ನು ದಾಟಿತು. ನಾನು ಅಳುತ್ತ, "ತಪ್ಪಾತ್ರಿ ಕಾಕಾ," ಎಂದೆ.

"ನೀ ಹುಡುಗಿ, ಹೆದರಿದ್ದಿ. ನಾ ಯಾಕ ತಲೀ ಆಡಿಸ್ದೆ?" ಎಂದರು. ಉತ್ತರ ಇಬ್ಬರಿಗೂ ಗೊತ್ತಿತ್ತು. ನನಗಾಗಿ. ಕಾಕಾ ಕಿಟಕಿಯ ಕಡೆ ತಿರುಗಿದರು.

ಈಗ ನಾಸಿಕ ರೋಡಿನ ಅವರ ಕೋಣೆಯಲ್ಲಿ ಬೇರೆಯವರಿದ್ದಾರೆ. ಊರಿಗೆ ಹೋದರೆಂದು ಕೆಲವರು ಹೇಳುತ್ತಾರೆ. ಫೋನು ಹತ್ತುವುದಿಲ್ಲ. ನಾನು ಅವರನ್ನು ಕೊನೆಗೆ ಕಂಡದ್ದು ಹೊಸ ಕಟ್ಟಡವೊಂದರ ಮೆಟ್ಟಿಲ ಬಳಿ. ಗೋಡೆಗೆ ಪುಟ್ಟಿ ಎಳೆಯುತ್ತಿದ್ದರು. ಹಲಗೆಗಳೆಲ್ಲಿ ಎಂದು ಕೇಳಿದೆ. ಹನ್ನೆರಡಕ್ಕೂ ಬಿಳಿ ಹೊಡೆದು, ಕಾಂಕ್ರೀಟಿಗೆ ಹಲಗೆ ಕಟ್ಟುವ ಸೆಂಟ್ರಿಂಗಿನವರಿಗೆ ಕೊಟ್ಟೆ ಎಂದರು. ಹಳೆಯ ಸಲುಗೆಯಿಂದ, ಬೇಡುವವಳ ಹಾಗೆ, ಗೋಡೆ ತೋರಿಸಿ ಕೇಳಿದೆ:

"ಇದರ ಕೆಳಗರ ಏನಾದ್ರೂ ಬರ್ದೀರೇನ್ರಿ ಕಾಕಾ?"

ಅವರು ಪಟ್ಟಿಯನ್ನು ಒರೆಸಿಕೊಂಡು, ಹಸಿ ಗೋಡೆಯನ್ನು ಅಂಗೈಯಿಂದ ಮೆಲ್ಲಗೆ ಮುಟ್ಟಿದರು.

"ಇಲ್ಲ ಯವ್ವಾ. ಇದ್ರಾಗ ಏನೂ ಇಲ್ಲ."