ಬೀಗರಿಗೆ ತೋರಿಸಿದ ತಿಪ್ಪೆ

ಮಗಳನ್ನು ನೋಡಲು ಶ್ರೀರಾಂಪುರದಿಂದ ಗಂಡಿನವರು ಬರುವುದಿತ್ತು. ನಮ್ಮ ಮನೆ ಮುಂದಿನ ತಿಪ್ಪೆ ಊರಿಗೇ ದೊಡ್ಡದು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಅದೇ ಸರ್ಟಿಫಿಕೇಟು. ಆದರೆ ಊರಲ್ಲಿ ವಾಂತಿಭೇದಿ ಶುರುವಾಗಿ, ಆಶಾ ಕಾರ್ಯಕರ್ತೆ ಬಂದು, "ನೊಣ ಹುಟ್ಟೋದೇ ಇಲ್ಲಿ. ಹೊಲಕ್ಕೆ ಸಾಗ್ಸಿ ಮಣ್ಣು ಮುಚ್ರಿ" ಎಂದಳು. ನಾನು ಒಪ್ಪಲಿಲ್ಲ.

"ಬೀಗರ ಉಪ್ಪಿಟ್ಟಿನಾಗೆ ನೊಣ ಬಿದ್ರೆ, ಮಗಳ್ನ ತಿಪ್ಪೆಗೇ ಕೊಟ್ಟು ಮದ್ವೆ ಮಾಡ್ರಿ" ಎಂದಳು ಹೆಂಡತಿ. ಮರುದಿನವೇ ಸಾಗಿಸಿದೆ.

ಗಂಡಿನವರು ಬರುವಷ್ಟರಲ್ಲಿ ನೊಣ ಮಾಯವಾಗಿದ್ದವು. ಉಪ್ಪಿಟ್ಟು ತಿಂದ ಹುಡುಗನ ತಂದೆ ಅಂಗಳವೆಲ್ಲ ನೋಡಿ, "ಏನ್ರಿ, ತಿಪ್ಪೆನೇ ಇಲ್ಲ, ದನ ಕಟ್ಟಿಲ್ವಾ?" ಎಂದರು. ನನಗೆ ತಡೆಯಲಾಗಲಿಲ್ಲ. ಆ ಬಿಸಿಲಲ್ಲೇ ಹೊಲಕ್ಕೆ ಕರೆದೊಯ್ದು, ಮಣ್ಣು ಸರಿಸಿ ತೋರಿಸಿದೆ. ಅವರು ಒಂದು ಹಿಡಿ ಗೊಬ್ಬರ ಹಿಸುಕಿ ನೋಡಿ, "ನಮ್ದೂ ಹಿಂಗೇ ಎತ್ತಿಸ್ಬೇಕು, ನೊಣದ ಕಾಟ ಐತೆ. ಹುಡುಗಿ ಒಪ್ಪಿಗೆ ಕಣ್ರಿ" ಎಂದರು.

ಮಗಳು ಮನೆಯಲ್ಲಿ ಇನ್ನೂ ಸೀರೆ ಉಡುತ್ತಿದ್ದಳು.