ಬೀಬಿ ತಂದ ಬಾಗಿಲು

ಭೀಮಾ ಹೊಳೆ ತುಂಬಿ ಊರಿಗೆ ನೀರು ನುಗ್ಗಿದಾಗ ನಮ್ಮನ್ನೆಲ್ಲ ಟ್ರ್ಯಾಕ್ಟರಿನಲ್ಲಿ ತಂದು ಯಾದಗಿರಿ ಕಡೆಯ ಶಾಲೆಯೊಂದರಲ್ಲಿ ಇಳಿಸಿದರು. ತಿಂಗಳಾದರೂ ಇರಬೇಕಾದೀತು ಎಂದರು. ನಾನು ಯೋಚನೆ ಮಾಡಿಯೇ ಗಂಟು ಕಟ್ಟಿದ್ದೆ: ಜೋಳದ ಚೀಲ, ಖಡಕ್ ರೊಟ್ಟಿ, ರೇಷನ್ ಕಾರ್ಡು, ವಿಭೂತಿ ಗಟ್ಟಿ. ನಮ್ಮ ಪಕ್ಕದಲ್ಲಿ ಜಾಗ ಹಿಡಿದ ಬೇರೆ ಊರಿನ ಮುದುಕಿ ಬೀಬಿ ಸ್ಕ್ರೂ ಬಿಚ್ಚಿ ತಂದದ್ದು ಮನೆಯ ಬಾಗಿಲು. ಎರಡು ದಿನ ತಡೆದು, ಮೂರನೆಯ ದಿನ ಕೇಳಿಯೇ ಬಿಟ್ಟೆ.

"ಬಾಗಿಲಾ ಯಾಕ ತಂದೀರಿ ಅಮ್ಮಾ?"

"ನಿಮ್ಮ ಬಾಣಂತಿ ಮಗಳು ಜಳಕ ಎಲ್ಲಿ ಮಾಡ್ಯಾಳ್ರಿ?"

ಮಗಳು ಮಾಡಿರಲೇ ಇಲ್ಲ. ಕೂಸಿಗೆ ಹಾಲು ಕುಡಿಸಲೂ ಗೋಡೆಗೆ ಮುಖ ಮಾಡಿ ಕೂಡುತ್ತಿದ್ದಳು.

"ಹೋದ ಸಲ ಹೊಳಿ ಬಂದಾಗ ನನ್ನ ಸೊಸಿನೂ ಹಿಂಗ ಕೂತಿದ್ಲು. ಹಿಡೀರಿ ಆ ಕಡಿ."

ಇಬ್ಬರೂ ಸೇರಿ ಬಾಗಿಲನ್ನು ಪಡಸಾಲೆಯ ಮೂಲೆಗೆ ಅಡ್ಡ ನಿಲ್ಲಿಸಿದೆವು. ಅದರ ಹಿಂದೆ ಬಿಸಿನೀರು ಸುರಿದ ಸಪ್ಪಳ ಕೇಳಿ ಶಿವನನ್ನು ನೆನೆದೆ.

ಮರುದಿನ ಮರೆತು ಆ ಕಡೆ ಹೋದಾಗ ಬೀಬಿ ತಡೆದಳು: "ಬಾಗಿಲಾ ಬಡ್ರಿ ಅಪ್ಪಾರ, ಒಳಗ ಮಂದಿ ಅದಾರ."

ಸ್ವಂತ ಮನೆಯಲ್ಲಿ ಎಂದೂ ಬಾಗಿಲು ಬಡಿಯದವನು ಅಲ್ಲಿ ಬಡಿಯುವುದನ್ನು ಕಲಿತೆ. ಈಗ ಮಳೆಗಾಲ ಬಂತೆಂದರೆ ನಮ್ಮ ದೇವರ ಜಗುಲಿಯ ಮೇಲೆ ವಿಭೂತಿಯ ಪಕ್ಕ ಒಂದು ಸ್ಕ್ರೂಡ್ರೈವರ್ ಇರುತ್ತದೆ. ಕುಂಕುಮ ಅದಕ್ಕೂ ಬೀಳುತ್ತದೆ.